ತಲೆಗೆ ಸೆಟ್ರಿಜಿನ್ ಹಚ್ಚುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಒಂದು ಮೆಡಿಕಲ್ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ಹದಿನೇಳು ವರ್ಷಗಳಾದವು. ಅಲರ್ಜಿಗೆ ನುಂಗುವ ಸೆಟ್ರಿಜಿನ್ ಮಾತ್ರೆ ಕೇಳಿಕೊಂಡು ಬರುವವರನ್ನು ಮೊದಲೆಲ್ಲ ಮೂಗು ನೋಡಿ ಗುರುತಿಸುತ್ತಿದ್ದೆ. ಈಗ ಕೆಲವರನ್ನು ನೆತ್ತಿ ನೋಡಿ ಗುರುತಿಸಬೇಕಾಗಿದೆ. ಸೀನಿಲ್ಲ, ಕಣ್ಣು ಕೆಂಪಿಲ್ಲ, ಹೆಲ್ಮೆಟ್ ತೆಗೆಯಲು ಮಾತ್ರ ಮನಸ್ಸಿಲ್ಲ, ಹತ್ತು ಸ್ಟ್ರಿಪ್ ಒಟ್ಟಿಗೆ ಬೇಕು. ಮಾತ್ರೆಯನ್ನು ಕದಡಿ ತಲೆಗೆ ಹಚ್ಚಿದರೆ ಕೂದಲು ಬರುತ್ತದೆ ಎಂದು ನಂಬಿದವರು ಇವರು. ಅಂಥವರಿಗೆ "ತಲೆಗೋ?" ಎಂದು ನಾನೇ ಕೇಳಿಬಿಡುತ್ತೇನೆ. ಆಮೇಲೆ ನಡೆಯುವ ಮಾತುಕತೆ ಹೆಚ್ಚುಕಡಿಮೆ ಪ್ರತಿಸಲವೂ ಒಂದೇ. ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಫಾರ್ಮಾಸಿಸ್ಟ್, ಚರ್ಮವೈದ್ಯನಲ್ಲ. ತಲೆ ನೋಡಿ ಕಾಯಿಲೆ ಹೇಳುವುದು ನನ್ನ ಕೆಲಸವಲ್ಲ. ಬಾಟಲಿಯೊಳಗೆ ಏನಿದೆ ಎಂದು ಹೇಳುವುದು ನನ್ನ ಕೆಲಸ.

ಅಲರ್ಜಿ ಮಾತ್ರೆಗೂ ಕೂದಲಿಗೂ ಎಲ್ಲಿಯ ಸಂಬಂಧ?

ಸಂಬಂಧ ಇದೆ, ಆದರೆ ಸ್ವಲ್ಪ ಬಳಸು ದಾರಿಯದು. 2012ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಗಂಡಸರ ಬೋಳು ನೆತ್ತಿಯ ಚರ್ಮವನ್ನೂ ಅದೇ ತಲೆಯ ಕೂದಲಿರುವ ಭಾಗದ ಚರ್ಮವನ್ನೂ ಹೋಲಿಸಿ ನೋಡಿದರು. ಬೋಳಾದ ಕಡೆ ಪ್ರೊಸ್ಟಗ್ಲಾಂಡಿನ್ ಡಿ2 ಎಂಬ ರಾಸಾಯನಿಕ ಹೆಚ್ಚಿತ್ತು. ಇಲಿಗಳ ಚರ್ಮಕ್ಕೂ, ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕೂದಲಬುಡಕ್ಕೂ ಅದನ್ನು ಕೊಟ್ಟಾಗ ಕೂದಲಿನ ಬೆಳವಣಿಗೆ ಕುಂಠಿತವಾಯಿತು. ಅಲರ್ಜಿಯಾದಾಗ ಸೀನು, ತುರಿಕೆ ತರಿಸುವ ಹಿಸ್ಟಮಿನ್ ಬಿಡುಗಡೆ ಮಾಡುವ ಮಾಸ್ಟ್ ಜೀವಕೋಶಗಳೇ ಈ ಡಿ2ವನ್ನೂ ಬಿಡುತ್ತವೆ. ಸೆಟ್ರಿಜಿನ್ ಹಿಸ್ಟಮಿನ್‌ಗೆ ತಡೆಯೊಡ್ಡುವುದರ ಜೊತೆಗೆ ಈ ಉರಿಯೂತದ ಸರಣಿಯನ್ನೂ ಸ್ವಲ್ಪ ತಗ್ಗಿಸುತ್ತದೆ. ಹಾಗಾದರೆ ತಲೆಗೆ ಹಚ್ಚಿ ನೋಡೋಣ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ.

ಅಂದರೆ ಅದು ಕೆಲಸ ಮಾಡುತ್ತದೆ ಎಂದಾಯಿತಲ್ಲ?

ಅಷ್ಟು ಬೇಗ ಬೇಡ. 2018ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ 85 ಮಂದಿ ಇದ್ದರು. 67 ಮಂದಿಗೆ ಶೇಕಡಾ 1ರ ಸೆಟ್ರಿಜಿನ್ ದ್ರಾವಣ, 18 ಮಂದಿಗೆ ಔಷಧಿ ಇಲ್ಲದ ದ್ರಾವಣ, ದಿನಕ್ಕೆ ಒಂದು ಮಿಲಿಲೀಟರ್, ಆರು ತಿಂಗಳು. ಹಚ್ಚಿಕೊಂಡವರಲ್ಲಿ ಕೂದಲಿನ ಒಟ್ಟು ಸಾಂದ್ರತೆ ಸರಾಸರಿ ಶೇಕಡಾ 11ರಷ್ಟು, ದಪ್ಪ ಕೂದಲಿನ ಸಾಂದ್ರತೆ ಶೇಕಡಾ 18ರಷ್ಟು ಹೆಚ್ಚಿತು. ಒಳ್ಳೆಯ ಸುದ್ದಿಯೇ, ಆದರೆ ಚಿಕ್ಕ ಅಧ್ಯಯನ. 2021ರಲ್ಲಿ ಇರಾನಿನಲ್ಲಿ 40 ಪುರುಷರ ಮೇಲೆ ಸೆಟ್ರಿಜಿನ್ ಮತ್ತು ಬೋಳಿಗೆ ಹಚ್ಚುವ ಹಳೆಯ ಔಷಧಿ ಮಿನಾಕ್ಸಿಡಿಲ್ ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ಮಿನಾಕ್ಸಿಡಿಲ್ ಮುಂದೆ ಬಂತು.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಆ ಡಿ2 ಕೂರುವ ಜಾಗವನ್ನೇ ನೇರವಾಗಿ ಮುಚ್ಚುವ ಸೆಟಿಪಿಪ್ರಾಂಟ್ ಎಂಬ ಮಾತ್ರೆಯನ್ನು 169 ಗಂಡಸರಲ್ಲಿ ಪರೀಕ್ಷಿಸಿದರು. ಫಲಿತಾಂಶ 2021ರಲ್ಲಿ ಹೊರಬಂತು. ಖಾಲಿ ಮಾತ್ರೆಗಿಂತ ಅದು ಮೇಲೆನಿಸಲಿಲ್ಲ. ಸಿದ್ಧಾಂತ ಚೆನ್ನಾಗಿದ್ದ ಮಾತ್ರಕ್ಕೆ ಕೂದಲು ಬರುವುದಿಲ್ಲ, ಮಾರಾಯರೇ.

ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕದಡಿದರೆ ಆಗಲಿಲ್ಲವೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಮ್ಮ ಪಕ್ಕದ ಮನೆಯ ಹುಡುಗನ ಕಥೆಯಿಂದಲೇ ಉತ್ತರಿಸುತ್ತೇನೆ. ಇಂಜಿನಿಯರಿಂಗ್ ಕೊನೆಯ ವರ್ಷ, ಹಣೆ ಎರಡೂ ಬದಿಯಿಂದ ಹಿಂದೆ ಸರಿಯುತ್ತಿತ್ತು. ಅಜ್ಜಿ ಎಲೆ ಅಡಿಕೆ ಕುಟ್ಟುವ ಹಿತ್ತಾಳೆಯ ಕುಟ್ಟಾಣಿಯಲ್ಲಿ ಒಂದು ಸ್ಟ್ರಿಪ್ ಮಾತ್ರೆ ಕುಟ್ಟಿ, ನೂರು ಮಿಲಿಲೀಟರಿನ ಬಾಟಲಿಗೆ ನೀರು ತುಂಬಿಸಿ, ಕುಲುಕಿ, "ಅಣ್ಣಾ, ಒಂದು ಪರ್ಸೆಂಟ್ ಆಯಿತಲ್ಲ?" ಎಂದು ತಂದು ತೋರಿಸಿದ. ಬಣ್ಣ ನಸುಗೆಂಪು. ಕುಟ್ಟಾಣಿಯ ತಳದಲ್ಲಿದ್ದ ಸುಣ್ಣ, ಅಡಿಕೆ ಎಲ್ಲವೂ ಸೇರಿ ಬಂದಿತ್ತು.

ಮೊದಲು ಲೆಕ್ಕ. ಶೇಕಡಾ 1 ಎಂದರೆ ನೂರು ಮಿಲಿಲೀಟರಿನಲ್ಲಿ ಒಂದು ಗ್ರಾಂ ಔಷಧಿ. ಒಂದು ಮಾತ್ರೆಯಲ್ಲಿರುವುದು 10 ಮಿಲಿಗ್ರಾಂ. ನೂರು ಮಿಲಿಲೀಟರಿಗೆ ನೂರು ಮಾತ್ರೆ ಬೇಕು. ಅವನು ಹಾಕಿದ್ದು ಹತ್ತು. ಅವನದ್ದು ಶೇಕಡಾ 0.1.

ಲೆಕ್ಕ ಸರಿಪಡಿಸಿದರೂ ತೊಂದರೆ ಮುಗಿಯುವುದಿಲ್ಲ. ಮಾತ್ರೆಯ ತೂಕ ಸಾಮಾನ್ಯವಾಗಿ ನೂರು ಮಿಲಿಗ್ರಾಂ ದಾಟುತ್ತದೆ. ಅದರಲ್ಲಿ ಔಷಧಿ ಹತ್ತು, ಉಳಿದದ್ದು ಲ್ಯಾಕ್ಟೋಸ್, ಪಿಷ್ಟ, ಸೆಲ್ಯುಲೋಸ್, ಮೆಗ್ನೀಸಿಯಂ ಸ್ಟಿಯರೇಟ್, ಮೇಲಿನ ಬಿಳಿ ಹೊದಿಕೆ. ಸೆಟ್ರಿಜಿನ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಈ ಪರಿವಾರದಲ್ಲಿ ಲ್ಯಾಕ್ಟೋಸ್ ಬಿಟ್ಟರೆ ಉಳಿದದ್ದರ ಬಹುಪಾಲು ಕರಗುವುದಿಲ್ಲ. ತಳದಲ್ಲಿ ಗಂಜಿಯ ಹಾಗೆ ಕೂರುತ್ತದೆ. ಹಾಗೇ ಹಚ್ಚಿದರೆ ಒಣಗಿದ ಮೇಲೆ ತಲೆಯಿಂದ ಬಿಳಿ ಹುಡಿ ಉದುರುತ್ತದೆ. ಹೊಟ್ಟು ಎಂದುಕೊಂಡು ಹೊಟ್ಟಿನ ಶಾಂಪೂ ಕೇಳಿಕೊಂಡು ಬಂದವರೂ ಉಂಟು.

ಸೋಸಿದರಾಯಿತು ಎನ್ನುತ್ತೀರಿ. ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿದಾಗ ಎಷ್ಟು ಔಷಧಿ ಕೆಳಗಿಳಿಯಿತು, ಎಷ್ಟು ಆ ಗಂಜಿಯಲ್ಲೇ ಉಳಿಯಿತು ಎಂದು ತಿಳಿಯಲು ಮನೆಯಲ್ಲಿ ದಾರಿ ಇಲ್ಲ. ಮತ್ತೂ ಒಂದು: ಬರಿಯ ನೀರಿನಲ್ಲಿ ಸೆಟ್ರಿಜಿನ್ ಹೈಡ್ರೊಕ್ಲೋರೈಡ್ ಹುಳಿ ಸ್ವಭಾವದ್ದು. ಔಷಧಿ ತಯಾರಿಸುವವರು ಅದರ ಹುಳಿಯನ್ನು ಚರ್ಮಕ್ಕೆ ಒಗ್ಗುವಷ್ಟಕ್ಕೆ ತಂದು, ಚರ್ಮದೊಳಗೆ ಇಳಿಯುವ ಹಾಗೆ ಬೇರೆ ದ್ರಾವಕ ಸೇರಿಸಿ, ಕೆಡದ ಹಾಗೆ ಸಂರಕ್ಷಕ ಹಾಕುತ್ತಾರೆ. ಇಟಲಿಯವರು ಹಚ್ಚಿದ್ದು ಅಂಥದ್ದನ್ನು, ಕುಟ್ಟಾಣಿಯ ನೀರನ್ನಲ್ಲ. ಅವರ ಶೇಕಡಾ 18 ನಿಮ್ಮ ಬಾಟಲಿಗೆ ಅನ್ವಯಿಸುವುದಿಲ್ಲ.

ಯಾವ ನೀರು ಬಳಸಬೇಕು? ಸ್ಪಿರಿಟ್ ಹಾಕಬಹುದೇ?

ಕಾರಿನ ಬ್ಯಾಟರಿಗೆ ಹಾಕುವ ನೀರು ಡಿಸ್ಟಿಲ್ಡ್ ಎಂಬ ನಂಬಿಕೆಯಿಂದ ಪೆಟ್ರೋಲ್ ಬಂಕಿನಿಂದ ಕ್ಯಾನ್ ತಂದವರಿದ್ದಾರೆ. ಅದರಲ್ಲಿ ಲವಣ ಇಲ್ಲದಿರಬಹುದು, ಆದರೆ ಮೈಗೆ ಹಚ್ಚುವ ನೀರೆಂದು ಯಾರೂ ಅದನ್ನು ಪರೀಕ್ಷಿಸಿರುವುದಿಲ್ಲ. ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್, ಮರದ ಪಾಲಿಷಿನವರ ಸ್ಪಿರಿಟ್ ಯಾವುದೂ ದಿನಾ ತಲೆಗೆ ಹಚ್ಚಲಿಕ್ಕಲ್ಲ. ಕೆಲವದರಲ್ಲಿ ಕುಡಿಯದಿರಲೆಂದೇ ಮೆಥನಾಲ್‌ನಂಥ ವಿಷ ಬೆರೆಸಿರುತ್ತಾರೆ. ಸ್ಪಿರಿಟ್ ಹಚ್ಚಿದ ತಲೆಯಲ್ಲಿ ಗ್ಯಾಸ್ ಒಲೆಯ ಹತ್ತಿರವೋ ದೇವರ ದೀಪದ ಹತ್ತಿರವೋ ಬಗ್ಗಿದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮೂರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಕರಾವಳಿಯಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಸಂರಕ್ಷಕ ಇಲ್ಲದ, ಸಕ್ಕರೆ ಪಿಷ್ಟ ಇರುವ ನೀರಿಗೆ ಹಿಡಿಯದೇ? ಪಕ್ಕದ ಮನೆಯ ಹುಡುಗನ ಬಾಟಲಿಯಲ್ಲಿ ಎರಡು ವಾರಕ್ಕೆ ಹತ್ತಿಯಂಥದ್ದು ತೇಲುತ್ತಿತ್ತು. ಅವನು ಅದನ್ನು ಕುಲುಕಿ ಹಚ್ಚಿಕೊಳ್ಳುತ್ತಿದ್ದ.

ತೆಂಗಿನೆಣ್ಣೆಯಲ್ಲಿ ಬೆರೆಸಿದರೆ?

ಕರಗುವುದಿಲ್ಲ. ಸೆಟ್ರಿಜಿನ್ ನೀರಿಗೆ ಒಲಿಯುವ ಲವಣ, ಎಣ್ಣೆಗಲ್ಲ. ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ, ಪುಡಿ ತಳಕ್ಕೆ ಹೋಗುತ್ತದೆ. ದಾಸವಾಳದ ಎಲೆ ಕಿವುಚಿ ತೆಗೆದ ಲೋಳೆಗೆ, ಅಂದರೆ ಗೊಂಪಿಗೆ ಬೆರೆಸುತ್ತೇನೆ ಎಂದವರಿಗೂ ಹೇಳುವುದಿಷ್ಟೇ: ಗೊಂಪನ್ನು ಗೊಂಪಾಗಿರಲು ಬಿಡಿ. ತಲೆ ತೊಳೆಯಲು ಅದು ಚೆನ್ನಾಗಿದೆ.

ಮಕ್ಕಳ ಸಿರಪ್ ಕರಗಿಯೇ ಇರುತ್ತದಲ್ಲ?

ಹೌದು, ಕರಗಿಯೇ ಇರುತ್ತದೆ, ಐದು ಮಿಲಿಲೀಟರಿನಲ್ಲಿ ಐದು ಮಿಲಿಗ್ರಾಂ. ಶೇಕಡಾ 0.1. ಜೊತೆಗೆ ಸಿಹಿ, ಅಂಟು, ಹಣ್ಣಿನ ವಾಸನೆ. ಇರುವೆಗಳಿಗೆ ಸಂತೋಷವಾಗುತ್ತದೆ.

ಮಿನಾಕ್ಸಿಡಿಲ್ ಬಾಟಲಿಗೇ ಮಾತ್ರೆಯ ನೀರು ಸುರಿದರೆ?

ಬೇಡ. ಮಿನಾಕ್ಸಿಡಿಲ್ ಬರಿಯ ನೀರಿನಲ್ಲಿ ಮಿಲಿಲೀಟರಿಗೆ ಎರಡು ಮಿಲಿಗ್ರಾಂ ಚಿಲ್ಲರೆ ಮಾತ್ರ ಕರಗುತ್ತದೆ. ಶೇಕಡಾ 5ರ ಬಾಟಲಿಯಲ್ಲಿ ಅದು ಮಿಲಿಲೀಟರಿಗೆ 50 ಮಿಲಿಗ್ರಾಂ ಇರುತ್ತದೆ. ಆಲ್ಕೋಹಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಹಿಡಿದಿಟ್ಟುಕೊಂಡಿರುವುದರಿಂದ ಅಷ್ಟು ನಿಂತಿದೆ. ನೀವು ನೀರು ಸೇರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ದುಡ್ಡು ಕೊಟ್ಟು ತಂದ ಒಳ್ಳೆಯ ಔಷಧಿಯನ್ನು ಕೆಡಿಸಿಕೊಂಡಂತೆ.

ಹಚ್ಚುವ ಗೋಜೇ ಬೇಡ, ನುಂಗಿದರೆ ಆಗದೇ?

ಧೂಳಿನ ಅಲರ್ಜಿಗೆ ವರ್ಷಗಟ್ಟಲೆ ಸೆಟ್ರಿಜಿನ್ ನುಂಗುವ ಗಿರಾಕಿಗಳು ನನಗೆ ಬಹಳ ಮಂದಿ ಇದ್ದಾರೆ. ಅವರಲ್ಲಿ ಬೋಳುತಲೆಯವರೂ ಧಾರಾಳ. ಇದು ಅಧ್ಯಯನವಲ್ಲ, ಕೌಂಟರಿನ ಮೇಲಿಂದ ಕಂಡ ನೋಟ. ಇಟಲಿಯ ಫಲಿತಾಂಶ ಹಚ್ಚುವ ದ್ರಾವಣದ್ದು. ಕೂದಲಿಗೆಂದು ದಿನಾ ನುಂಗಿದರೆ ನಿಮಗೆ ಸಿಗಬಹುದಾದದ್ದು ತೂಕಡಿಕೆ, ಬೈಕು ಓಡಿಸುವವರಿಗೆ ಅದು ಅಪಾಯ. ದೀರ್ಘಕಾಲ ದಿನವೂ ನುಂಗಿ ಒಮ್ಮೆಲೇ ನಿಲ್ಲಿಸಿದ ಕೆಲವರಲ್ಲಿ ತೀವ್ರ ತುರಿಕೆ ಬರುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಕರು 2025ರ ಮೇ ತಿಂಗಳಲ್ಲಿ ಎಚ್ಚರಿಸಿದ್ದಾರೆ.

ಬೇರೆ ಅಲರ್ಜಿ ಔಷಧಿಗಳು? ಮನೆಯಲ್ಲಿ ತುರಿಕೆಯ ಗುಲಾಬಿ ಲೋಷನ್ ಇದೆ.

ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಡಾಕ್ಸೆಪಿನ್ ಇಂಥವನ್ನು ಚರ್ಮಕ್ಕೆ ಹಚ್ಚಿದಾಗ ಆ ಔಷಧಿಗೇ ಅಲರ್ಜಿ ಹುಟ್ಟುವುದು ಚರ್ಮವೈದ್ಯರಿಗೆ ಹಳೆಯ ಅನುಭವ. ಅಲರ್ಜಿಗೆ ಇರುವ ಔಷಧಿಯೇ ಅಲರ್ಜಿ ಬರಿಸುವುದು ತಮಾಷೆಯಂತೆ ಕಾಣುತ್ತದೆ, ತುರಿಸುವವರಿಗೆ ಅಲ್ಲ. ಒಮ್ಮೆ ಮೈ ಹಾಗೆ ಒಗ್ಗದೆ ಹೋದರೆ ಮುಂದೆ ಅದೇ ಗುಂಪಿನ ಮಾತ್ರೆ ನುಂಗಿದಾಗಲೂ ದದ್ದು ಏಳಬಹುದು. ಸೆಟ್ರಿಜಿನ್ ಎಂದರೆ ಹೈಡ್ರಾಕ್ಸಿಜಿನ್ ಎಂಬ ಹಳೆಯ ಅಲರ್ಜಿ ಔಷಧಿಯ ಮಗ ಇದ್ದಂತೆ, ನುಂಗಿದ ಹೈಡ್ರಾಕ್ಸಿಜಿನ್ ದೇಹದಲ್ಲಿ ಸೆಟ್ರಿಜಿನ್ ಆಗುತ್ತದೆ. ಹಾಗಾಗಿ ಹೈಡ್ರಾಕ್ಸಿಜಿನ್ ಒಗ್ಗದವರು ಸೆಟ್ರಿಜಿನ್ ಹಚ್ಚುವ ಯೋಚನೆಯನ್ನೇ ಬಿಡಬೇಕು.

ನೀವು ಸ್ವತಃ ಮಾಡಿ ನೋಡಿದ್ದೀರಾ?

ನೋಡಿದ್ದೇನೆ. ಈ ಪುಟ ಬರೆಯುವ ಕಾರಣವೂ ಅದೇ.

2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ಜೋರಾಗಿದ್ದದ್ದು ಇಲ್ಲಿಯವರಿಗೆ ನೆನಪಿರಬಹುದು. ಜುಲೈಯಲ್ಲಿ ನಾನೂ ಒಂಬತ್ತು ದಿನ ಮಲಗಿದ್ದೆ. ಅಕ್ಟೋಬರ್ ಹೊತ್ತಿಗೆ ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ, ಊಟದ ಬಟ್ಟಲಿನಲ್ಲಿ ಎಲ್ಲೆಲ್ಲೂ ಕೂದಲು. ಹೆಂಡತಿ ಬಚ್ಚಲಿನಿಂದ ಒಂದು ಉಂಡೆ ತಂದು ಕೈಯಲ್ಲಿಟ್ಟು ಏನೂ ಹೇಳದೆ ಹೋದಳು. ಇಟಲಿಯ ಅಧ್ಯಯನ ಓದಿದ್ದೆ. ತಕ್ಕಡಿ ಇದೆ, ಫಿಲ್ಟರ್ ಪೇಪರ್ ಇದೆ, ಡಿ.ಫಾರ್ಮ್ ಓದಿದ ಅಹಂಕಾರವೂ ಇದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತು ಹತ್ತು ಮಿಲಿಲೀಟರ್ ಮಾಡಿಕೊಂಡು ನವೆಂಬರಿನಿಂದ ರಾತ್ರಿ ಹಚ್ಚತೊಡಗಿದೆ. ಜನವರಿಗೆ ಉದುರುವುದು ಕಡಿಮೆಯಾಯಿತು. ಮಾರ್ಚಿನಲ್ಲಿ ಹಣೆಯ ಅಂಚಿನಲ್ಲಿ ಮುಳ್ಳುಮುಳ್ಳಾಗಿ ಹೊಸ ಕೂದಲು. ಗೆದ್ದೆ ಎಂದುಕೊಂಡೆ. ಇಬ್ಬರು ಗೆಳೆಯರಿಗೂ ಮಾಡಿಕೊಟ್ಟೆ.

ಅವರಿಬ್ಬರಿಗೆ ಆರು ತಿಂಗಳಾದರೂ ಒಂದು ಎಳೆ ಹೆಚ್ಚು ಬರಲಿಲ್ಲ. ಆಗ ಕುಳಿತು ತಾರೀಖು ಲೆಕ್ಕ ಹಾಕಿದೆ. ಜೋರು ಜ್ವರ ಬಂದ ಎರಡು ಮೂರು ತಿಂಗಳ ಮೇಲೆ ಕೂದಲು ರಾಶಿ ರಾಶಿ ಉದುರುತ್ತದೆ. ಬೆಳೆಯುವ ಹಂತದಲ್ಲಿದ್ದ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ, ವಿಶ್ರಾಂತಿಯ ಅವಧಿ ಮುಗಿದಾಗ ಒಟ್ಟಿಗೆ ಬೀಳುತ್ತದೆ. ಟೆಲೊಜೆನ್ ಎಫ್ಲುವಿಯಂ ಎನ್ನುತ್ತಾರೆ. ಬುಡ ಸತ್ತಿರುವುದಿಲ್ಲ. ಆರು ತಿಂಗಳ ಒಳಗೆ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಜುಲೈ ಜ್ವರ, ಅಕ್ಟೋಬರ್ ಉದುರು, ಮಾರ್ಚ್ ಮೊಳಕೆ. ಪಠ್ಯಪುಸ್ತಕದಲ್ಲಿದ್ದಂತೆ ನಡೆದಿದೆ. ನಾನು ತಲೆಗೆ ಬಾವಿ ನೀರು ಹಚ್ಚಿದ್ದರೂ ಮಾರ್ಚಿನಲ್ಲಿ ಕೂದಲು ಬರುತ್ತಿತ್ತು. ಗೆಳೆಯರದ್ದು ಅಪ್ಪನಿಂದ ಬಂದ ಬೋಳು, ಅದು ಬೇರೆಯೇ ರೋಗ.

ಔಷಧಿ ಮಾರುವ ನಾನೇ ತಿಂಗಳುಗಟ್ಟಲೆ ಮೋಸಹೋದೆ. ಮನೆಮದ್ದು ಫಲಿಸಿತು ಎಂದು ಹೇಳುವವರು ಸುಳ್ಳು ಹೇಳುವುದಿಲ್ಲ. ಅವರ ಕೂದಲು ನಿಜವಾಗಿಯೂ ಬಂದಿರುತ್ತದೆ. ಯಾರಿಂದ ಬಂತು ಎಂಬುದಷ್ಟೇ ತಪ್ಪು.

ಹಾಗಾದರೆ ನನ್ನದು ಯಾವ ಬಗೆಯದೆಂದು ತಿಳಿಯುವುದು ಹೇಗೆ?

ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ, ಅದನ್ನು ಎಣಿಸುತ್ತಾ ಕೂರಬೇಡಿ. ಹಿಂದಿನ ಮೂರು ತಿಂಗಳ ಕ್ಯಾಲೆಂಡರ್ ತೆಗೆಯಿರಿ. ಡೆಂಗಿ, ಮಲೇರಿಯಾ, ಶಸ್ತ್ರಚಿಕಿತ್ಸೆ, ಹೆರಿಗೆ, ಊಟ ಬಿಟ್ಟು ತೂಕ ಇಳಿಸಿದ್ದು ಏನಾದರೂ ಇದೆಯೇ? ಇದ್ದು, ತಲೆಯ ಎಲ್ಲ ಕಡೆಯಿಂದ ಸಮನಾಗಿ ಉದುರುತ್ತಿದ್ದರೆ ಕಾದು ನೋಡುವುದು ಬುದ್ಧಿವಂತಿಕೆ. ಗಂಡಸರಿಗೆ ಹಣೆಯ ಮೂಲೆ ಮತ್ತು ನೆತ್ತಿ, ಹೆಂಗಸರಿಗೆ ಬೈತಲೆ ಅಗಲವಾಗುತ್ತಾ ವರ್ಷಗಳಿಂದ ನಿಧಾನವಾಗಿ ತೆಳುವಾಗುತ್ತಿದ್ದರೆ ಅದು ವಂಶದ್ದು. ನಾಣ್ಯದ ಅಳತೆಯಲ್ಲಿ ಒಂದೇ ಕಡೆ ನುಣ್ಣಗೆ ಬೋಳಾದರೆ, ಚರ್ಮ ಕೆಂಪಾಗಿ ನೋಯುತ್ತಿದ್ದರೆ, ಕೂದಲಬುಡದ ರಂಧ್ರವೇ ಕಾಣದಂತೆ ಕಲೆ ಕಟ್ಟಿದ್ದರೆ ಮನೆಯಲ್ಲಿ ಏನನ್ನೂ ಹಚ್ಚದೆ ಚರ್ಮವೈದ್ಯರ ಬಳಿ ಹೋಗಿ. ಕಲೆ ಕಟ್ಟುವ ಬಗೆಯಲ್ಲಿ ಹೋದ ಬುಡ ಮತ್ತೆ ಬರುವುದಿಲ್ಲ, ಅಲ್ಲಿ ತಿಂಗಳುಗಳಿಗೆ ಬೆಲೆ ಇದೆ.

ಹೆಂಗಸರಿಗೆ ವೈದ್ಯರು ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಥೈರಾಯ್ಡ್ ಪರೀಕ್ಷೆ ಬರೆಯುವುದು ಸುಮ್ಮನೆ ಅಲ್ಲ. ಬಾವಿಯ ನೀರಿಗೆ ಉಪ್ಪು ಬಂದದ್ದರಿಂದ ಉದುರುತ್ತಿದೆ ಎಂದು ಮೂರು ಬಾವಿ ಬದಲಿಸಿದ ಒಬ್ಬರಿಗೆ ಕೊನೆಗೆ ಥೈರಾಯ್ಡ್ ಇತ್ತು.

ನಾನು ಬಾಣಂತಿ. ಮಗುವಿಗೆ ನಾಲ್ಕು ತಿಂಗಳು. ಹಚ್ಚಬಹುದೇ?

ಬೇಡ ಅಕ್ಕ. ಮಗು ಮಗುಚಿ ಬೀಳುವ ಹೊತ್ತಿಗೆ ತಾಯಿಯ ಕೂದಲು ಉದುರುತ್ತದೆ ಎಂದು ನಮ್ಮ ಕಡೆಯ ಹಿರಿಯ ಹೆಂಗಸರು ಹೇಳುವುದು ಮೇಲಿನ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ತಾನಾಗಿ ಬರುವ ಕೂದಲಿಗೆ ಔಷಧಿ ಯಾಕೆ? ಮಗು ನಿಮ್ಮ ತಲೆಯನ್ನು ಹಿಡಿದು ಬೆರಳು ಬಾಯಿಗೆ ಹಾಕಿಕೊಳ್ಳುವ ಪ್ರಾಯ ಬೇರೆ.

ಡರ್ಮಾ ರೋಲರ್ ಉರುಳಿಸಿ ಹಚ್ಚಿದರೆ ಒಳಗೆ ಇಳಿಯುತ್ತದಂತೆ?

ಇಳಿಯುತ್ತದೆ, ಅದೇ ಭಯ. ಆ ಉರುಳೆಯ ಸಣ್ಣ ಸೂಜಿಗಳು ಮಾಡಿದ ತೂತಿನಿಂದ ಔಷಧಿಯ ಜೊತೆಗೆ ಪಿಷ್ಟ, ಟಾಲ್ಕ್, ಬಾಟಲಿಯಲ್ಲಿ ಬೆಳೆದ ಜೀವಿಗಳು ಎಲ್ಲವೂ ಇಳಿಯುತ್ತವೆ. ಟಾಲ್ಕ್, ಪಿಷ್ಟದ ಕಣ ಚರ್ಮದೊಳಗೆ ಸೇರಿದರೆ ಗಂಟು ಕಟ್ಟಬಹುದು. ಮನೆಯಲ್ಲಿ ಮಾಡಿದ ಯಾವುದನ್ನೂ ಚುಚ್ಚಿದ ಚರ್ಮಕ್ಕೆ ಹಚ್ಚಬೇಡಿ.

ಹಚ್ಚಿ ನಾಲ್ಕು ದಿನವಾಯಿತು, ತುರಿಕೆ ಶುರುವಾಗಿದೆ. ಔಷಧಿ ಹಿಡಿಯುತ್ತಿದೆ ಎಂದು ಅರ್ಥವೇ?

ಅಲ್ಲ. ಚರ್ಮ ಬೇಡ ಎನ್ನುತ್ತಿದೆ ಎಂದು ಅರ್ಥ. ನಿಲ್ಲಿಸಿ, ಸೌಮ್ಯವಾದ ಶಾಂಪೂವಿನಲ್ಲಿ ತೊಳೆಯಿರಿ. ಗುಳ್ಳೆ, ನೀರು ಸೋರುವುದು, ಕಣ್ಣಿನ ರೆಪ್ಪೆ ಊದುವುದು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ, ಬಾಟಲಿಯನ್ನೂ ತೆಗೆದುಕೊಂಡು ಹೋಗಿ.

ನೀವು ಏನೇ ಹೇಳಿ, ನಾನು ಮಾಡಿಯೇ ತೀರುತ್ತೇನೆ.

ಇದು ಪ್ರಶ್ನೆಯಲ್ಲ, ಆದರೆ ದಿನಾ ಕೇಳುತ್ತೇನೆ. ಮಾಡುವುದೇ ಆದರೆ ಮೊದಲು ಮೊಣಕೈಯ ಒಳಬದಿಯಲ್ಲಿ ಸ್ವಲ್ಪ ಹಚ್ಚಿ ಎರಡು ಮೂರು ದಿನ ನೋಡಿ. ಒಂದು ವಾರಕ್ಕಾಗುವಷ್ಟೇ ಮಾಡಿ, ಫ್ರಿಜ್ಜಿನಲ್ಲಿಡಿ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ತಾರೀಖು ಬರೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕಲಕಿದಂತೆ ಕಂಡರೆ ಚೆಲ್ಲಿ. ಹುಣ್ಣು, ಗಾಯ ಇರುವ ತಲೆಗೆ ಹಚ್ಚಬೇಡಿ.

ಫೋಟೋ ಇಲ್ಲದೆ ಶುರುಮಾಡಬೇಡಿ. ಅದೇ ಕಿಟಕಿ, ಅದೇ ಹೊತ್ತು, ಒಣ ಕೂದಲು, ಅದೇ ಬೈತಲೆ, ತಿಂಗಳಿಗೆ ಒಂದೇ ಸಲ. ಒದ್ದೆ ಕೂದಲಿನ ಮೊದಲ ಫೋಟೋ, ಎಣ್ಣೆ ಹಾಕದೆ ಒಣಗಿಸಿದ ಎರಡನೆಯ ಫೋಟೋ ಹೋಲಿಸಿದರೆ ಯಾರ ಕೂದಲೂ ದುಪ್ಪಟ್ಟಾಗಿ ಕಾಣುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೂರು ವಾರದಲ್ಲಿ ಬದಲಾವಣೆ ಕಂಡರೆ ಅದು ಬೆಳಕಿನ ಬದಲಾವಣೆ. ಅದೇ ಸಮಯದಲ್ಲಿ ಮಿನಾಕ್ಸಿಡಿಲ್, ಹೊಸ ಶಾಂಪೂ, ಬಯೋಟಿನ್ ಮಾತ್ರೆ ಎಲ್ಲವನ್ನೂ ಶುರುಮಾಡಿದವರು ಆರು ತಿಂಗಳ ಮೇಲೆ ನನ್ನ ಬಳಿ ಬಂದು ಯಾವುದು ಕೆಲಸ ಮಾಡಿತು ಎಂದು ಕೇಳಬಾರದು.

ಬೇರೆ ಏನು ಹಚ್ಚಲಿ ಹಾಗಾದರೆ?

ವಂಶದ ಬೋಳಿಗೆ ಮಿನಾಕ್ಸಿಡಿಲ್ ಇದೆ. ಅದು ಮೊದಲು ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬಂದದ್ದರಿಂದ ತಲೆಗೆ ಹಚ್ಚುವ ಔಷಧಿಯಾಯಿತು, ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ಕೆಲವು ವಾರ ಇನ್ನಷ್ಟು ಉದುರುವಂತೆ ಕಾಣುತ್ತದೆ, ಹೆದರಿ ಬಿಡಬೇಡಿ. ಬಿಟ್ಟರೆ ಬಂದದ್ದು ಹೋಗುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ಎಚ್ಚರ, ಬೆಕ್ಕಿಗೆ ಅದು ಪ್ರಾಣಾಂತಿಕ ವಿಷ. ಗಂಡಸರಿಗೆ ಫಿನಾಸ್ಟರೈಡ್ ಮಾತ್ರೆ ಇದೆ, 1997ರಿಂದ ಕೂದಲಿಗೆ ಬಳಕೆಯಲ್ಲಿದೆ. ಅದನ್ನು ವೈದ್ಯರ ಚೀಟಿ ಇಲ್ಲದೆ ನನ್ನಲ್ಲಿ ಕೇಳಬೇಡಿ, ಕೊಡುವುದಿಲ್ಲ. ಸೆಟ್ರಿಜಿನ್ನೇ ಬೇಕೆಂದು ಹಟವಿದ್ದರೆ ಆ ಮಾತನ್ನು ಚರ್ಮವೈದ್ಯರಲ್ಲೇ ಆಡಿ. ಮಂಗಳೂರು, ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜುಗಳಿಗೇನೂ ಬರಗಾಲವಿಲ್ಲ.

ಉಳಿದ ದ್ರಾವಣವನ್ನು ಏನು ಮಾಡಲಿ?

ಬೂದಿಯಲ್ಲೋ ಕಾಫಿ ಚರಟದಲ್ಲೋ ಬೆರೆಸಿ ಕಟ್ಟಿ ಕಸಕ್ಕೆ ಹಾಕಿ. ಬಾವಿಕಟ್ಟೆಯ ಹತ್ತಿರ ಚೆಲ್ಲಬೇಡಿ. ಪಾತ್ರೆ, ಸೌಟು, ಕುಟ್ಟಾಣಿ ಏನೇ ಬಳಸಿದ್ದರೂ ಬಿಸಿನೀರಿನಲ್ಲಿ ಎರಡು ಸಲ ತೊಳೆದು ಆಮೇಲೆ ಒಳಗಿಡಿ. ಸೆಟ್ರಿಜಿನ್ ವಿಪರೀತ ಕಹಿ. ಪಕ್ಕದ ಮನೆಯ ಹುಡುಗ ತೊಳೆಯದೇ ಇಟ್ಟಿದ್ದ. ಈ ಸಲದ ಅಡಿಕೆ ಒಳ್ಳೆಯದಿಲ್ಲ, ಬಾಯಿ ಕಹಿಯಾಗುತ್ತದೆ ಎಂದು ಅವನ ಅಜ್ಜಿ ವಾರಪೂರ್ತಿ ಅಂಗಡಿಯವನಿಗೆ ಬೈದರು. ಮಧ್ಯಾಹ್ನದ ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿದೆ ಎಂದೂ ಹೇಳಿದರಂತೆ.